ಕಾಳಿ ನದಿಯ ದಡದಲ್ಲಿ ‘ಆಗೂದಿಲ್ರಿ’ ಅಂದ ಗೈಡ್

ಗಣೇಶಗುಡಿಗೆ ಹೊರಡುವ ಹಿಂದಿನ ದಿನ ಅಮ್ಮ ಫೋನ್ ಮಾಡಿ ಒಂದೇ ಮಾತು ಹೇಳಿದರು. “ಅವಳಿಗೆ ಈಜು ಬರಲ್ಲ ಕಣೋ. ನೀನೇ ಕರ್ಕೊಂಡು ಹೋಗ್ತಿದೀಯ, ನೀನೇ ಸರಿಯಾಗಿ ಕರ್ಕೊಂಡು ಬಾ.”

ತಂಗಿಗೆ ಇಪ್ಪತ್ತೆರಡು. ಮೊದಲ ಸಂಬಳ ಬಂದ ಕೂಡಲೇ ಅಣ್ಣನಿಗೆ ಟ್ರೀಟ್ ಅಂತ ದಾಂಡೇಲಿ ರಾಫ್ಟಿಂಗ್ ಆರಿಸಿದ್ದಳು. ನಾನು ಆಫೀಸಿನ ರಿಲೀಸ್ ಇದೆ, ಬೆನ್ನು ನೋವು, ಚಳಿ ಜಾಸ್ತಿ ಅಂತ ಎರಡು ತಿಂಗಳು ನೆಪ ಹೇಳಿ ತಳ್ಳಿದ್ದೆ. ಭಯ ಅಂದ್ಕೊಂಡು ನಗ್ತಿದ್ದಳು. ಭಯವೇ ಹೌದು, ಆದರೆ ಅವಳು ತಿಳಿದ ಭಯ ಅಲ್ಲ. ಅಸಲಿ ಕಾರಣ ಅವಳಿಗೆ ಹೇಳಿರಲೇ ಇಲ್ಲ.

ಜನವರಿಯ ಒಂದು ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ ಹತ್ತಿದ್ವಿ. ಕಣ್ಣು ಬಿಟ್ಟಾಗ ಧಾರವಾಡ ದಾಟಿ ಹಳಿಯಾಳದ ಕಡೆ ತಿರುಗಿದ್ದೆವು. ಹೊಲಗಳು ಮುಗಿದು ತೇಗದ ಮರಗಳು, ಬಿದಿರು ಮೆಳೆಗಳು ಶುರುವಾದವು. ದಾಂಡೇಲಿಯಲ್ಲಿ ಇಳಿದು ಒಂದು ಕಪ್ ಚಹಾ ಕುಡಿದು, ಅಲ್ಲಿಂದ ಜೀಪಿನಲ್ಲಿ ಗಣೇಶಗುಡಿ. ಒಂದು ಕಡೆ ಡ್ರೈವರ್ ಜೀಪ್ ನಿಲ್ಲಿಸಿ ಮೇಲೆ ಕೈ ತೋರಿಸಿದರು. ಎರಡು ಮಂಗಟ್ಟೆ ಹಕ್ಕಿಗಳು ರೆಕ್ಕೆಯ ಸದ್ದು ಕೇಳುವಷ್ಟು ಕೆಳಗೆ ಹಾರಿ ಹೋದವು. ತಂಗಿ ಫೋನ್ ತೆಗೆಯುವಷ್ಟರಲ್ಲಿ ಮರೆಯಾದವು.

ಸ್ವಿಚ್ ಇರುವ ನದಿ

ಕಾಳಿ ಹುಟ್ಟುವುದು ಜೋಯಿಡಾ ತಾಲೂಕಿನ ಡಿಗ್ಗಿ ಹತ್ತಿರ. ಅಲ್ಲಿಂದ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಇಡೀ ಪಯಣ ಉತ್ತರ ಕನ್ನಡ ಜಿಲ್ಲೆಯ ಒಳಗೇ. ಗಣೇಶಗುಡಿಯಲ್ಲಿ ಅದಕ್ಕೆ ಅಡ್ಡ ನಿಂತಿರುವುದು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ. ಸುಮಾರು 147 ಟಿಎಂಸಿ ನೀರು ಹಿಡಿಯುವ ಜಲಾಶಯ. ಕೆಳಗೆ 50 ಮೆಗಾವಾಟಿನ ಎರಡು ಯಂತ್ರಗಳಿರುವ ವಿದ್ಯುದಾಗಾರ.

ಈ ವಿದ್ಯುತ್ ಲೆಕ್ಕ ಪ್ರವಾಸ ಲೇಖನದಲ್ಲಿ ಯಾಕೆ ಅಂದ್ರೆ, ಇಲ್ಲಿ ರಾಫ್ಟಿಂಗ್ ನಡೆಯುವುದೇ ಆ ಯಂತ್ರಗಳ ಮೇಲೆ. ಯಂತ್ರ ಓಡಿದರೆ ನೀರು ಬರುತ್ತದೆ, ನೀರು ಬಂದರೆ ರಾಫ್ಟ್ ತೇಲುತ್ತದೆ. ಯಂತ್ರ ನಿಂತರೆ ನದಿಯಲ್ಲಿ ಬರೀ ಬಂಡೆ. ಅದಕ್ಕೇ ಬೇರೆ ನದಿಗಳು ಬಡವಾಗಿರುವ ಬೇಸಿಗೆಯಲ್ಲೂ ಇಲ್ಲಿ ರಾಫ್ಟ್ ಓಡುತ್ತವೆ. ಮಳೆಗಾಲದಲ್ಲಿ ಕಾಡಿನ ಹಳ್ಳಗಳೆಲ್ಲ ಸೇರಿ ನದಿ ಯಾರ ಲೆಕ್ಕಕ್ಕೂ ಸಿಗದಿದ್ದಾಗ ನಿಲ್ಲಿಸುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಅಪ್‌ಸ್ಟ್ರೀಮ್ ಡಿಪೆಂಡೆನ್ಸಿ ಇರುವ ನದಿ. ನಾವು ಕೂತಿರುವ ದಡದಲ್ಲಿ ಏನಾಗುತ್ತದೆ ಅನ್ನೋದನ್ನ ಕಣ್ಣಿಗೆ ಕಾಣದ ಒಂದು ಕಂಟ್ರೋಲ್ ರೂಮ್ ನಿರ್ಧರಿಸುತ್ತದೆ.

ಇದು ಹುಡುಗಾಟದ ವಿಷಯ ಅಲ್ಲ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ, ಪ್ರವಾಸಕ್ಕೆ ಹೋಗಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿ ಹೋದರು. ಬಂಡೆಗಳ ಮೇಲೆ ಇಳಿದು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ನಾನು ಆಗ ಹೆಚ್ಚು ಕಡಿಮೆ ಅವರದೇ ವಯಸ್ಸಿನವನು, ನಮ್ಮ ಕಾಲೇಜಿನಿಂದಲೂ ಅಂಥದೇ ಟೂರ್ ಹೊರಟಿತ್ತು. ಅಣೆಕಟ್ಟೆಯ ಕೆಳಗಿನ ನದಿ ಶಾಂತವಾಗಿ ಕಾಣೋದಕ್ಕೂ ಸುರಕ್ಷಿತವಾಗಿರೋದಕ್ಕೂ ಸಂಬಂಧ ಇಲ್ಲ ಅಂತ ಗೊತ್ತಾಗಿದ್ದು ಆಗಲೇ.

ನಾವು ದಡ ತಲುಪಿದಾಗ ನೀರು ಇನ್ನೂ ಏರಿರಲಿಲ್ಲ. ರಾಫ್ಟುಗಳು ಕಲ್ಲಿನ ಮೇಲೆ ಬೋರಲು ಬಿದ್ದಿದ್ದವು. “ಒಂದ್ ತಾಸು ಕುಂದರ್ರಿ ಸರ್, ನೀರು ಬರ್ಲಿ” ಅಂದರು ನಮ್ಮ ಗೈಡ್. ಜೋಯಿಡಾ ಕಡೆಯವರು. ನಲವತ್ತರ ಆಸುಪಾಸು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಧಾರವಾಡದ ಧಾಟಿಯ ಕನ್ನಡ. “ನಮ್ಮ ಅಜ್ಜಿ ಊರು ಈ ಡ್ಯಾಮಿನ ನೀರಾಗ ಮುಳುಗೇತ್ರಿ” ಅಂತ ಸೂಪಾ ಕಡೆ ಕೈ ತೋರಿಸಿದರು. ಹಳೆಯ ಸೂಪಾ ಊರು ಮುಳುಗಿದ್ದು ಗೊತ್ತಿತ್ತು. ಅಲ್ಲಿನವರ ಮೊಮ್ಮಗ ಅದೇ ನೀರಿನ ಮೇಲೆ ದಿನಾ ರಾಫ್ಟ್ ನಡೆಸ್ತಾರೆ ಅನ್ನೋದು ಮಾತ್ರ ಹೊಸದು.

ಕಿವಿಯವರೆಗೆ ಬಂದ ಜಾಕೆಟ್

ಕಾಯುವ ಹೊತ್ತಿನಲ್ಲಿ ಲೈಫ್ ಜಾಕೆಟ್ ಹಂಚಿದರು. ತಂಗಿ ಹಾಕಿಕೊಂಡು ಎಲ್ಲ ಬಕಲ್ ಸಿಕ್ಕಿಸಿ, “ಅಣ್ಣ, ಫೋಟೋ” ಅಂದಳು. ನಾನು ಫೋನ್ ಎತ್ತಿದೆ. ಅಷ್ಟರಲ್ಲಿ ಗೈಡ್ ಬಂದು ಅವಳ ಹಿಂದೆ ನಿಂತು, “ಮೇಡಂ, ಸ್ವಲ್ಪ ಜಗ್ಗತೇನ್ರಿ” ಅಂತ ಹೇಳಿ, ಜಾಕೆಟ್ಟಿನ ಎರಡೂ ಭುಜದ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎಳೆದರು. ಜಾಕೆಟ್ ಅವಳ ಕಿವಿಯವರೆಗೆ ಬಂತು. ಮೂಗು, ಬಾಯಿ ಎಲ್ಲ ಅದರೊಳಗೆ ಮುಚ್ಚಿಹೋಯಿತು.

“ಇದು ಆಗೂದಿಲ್ರಿ” ಅಂತ ಅದನ್ನು ಬಿಚ್ಚಿಸಿ ಒಂದು ಸೈಜ್ ಚಿಕ್ಕದು ಕೊಟ್ಟರು. ಸೊಂಟದ ಪಟ್ಟಿ ಮೊದಲು, ಆಮೇಲೆ ಎದೆಯದು, ಕೊನೆಗೆ ಭುಜದ್ದು ಅಂತ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಬಿಗಿ ಮಾಡಿ ಮತ್ತೆ ಎಳೆದರು. ಈ ಸಲ ಜಾಕೆಟ್ ಜೊತೆ ತಂಗಿಯೇ ತುದಿಗಾಲಿಗೆ ಎದ್ದಳು. “ಉಸಿರಾಡಾಕ ಆಗ್ತೈತಿ?” “ಆಗತ್ತೆ.” “ಹಂಗಾರ ಬರೋಬ್ಬರಿ.”

ನಾನು ಫೋಟೋ ತೆಗೆಯಲಿಲ್ಲ. ಕೈ ನಡುಗ್ತಿತ್ತು. ತಂಗಿ “ಏನಾಯ್ತೋ?” ಅಂದಳು. ಅಲ್ಲೇ ಬಂಡೆಯ ಮೇಲೆ ಕೂತು ಅವಳಿಗೆ ಮೂರು ವರ್ಷದ ಹಿಂದಿನ ಕಥೆ ಹೇಳಿದೆ.

ಆಗ ನಾನು ಬೇರೆ ಕಂಪನಿಯಲ್ಲಿದ್ದೆ. ಟೀಮ್ ಔಟಿಂಗ್. ಆರ್ಗನೈಸ್ ಮಾಡಿದ್ದು ನಾನು. ಯಾವ ನದಿ, ಯಾವ ಸಂಸ್ಥೆ ಅನ್ನೋದು ಇಲ್ಲಿ ಬೇಡ. ನಾವು 11 ಜನ. ಅಲ್ಲಿದ್ದ ಗೈಡ್ ಇಪ್ಪತ್ತು ದಾಟಿರದ ಹುಡುಗ. “ಸರ್, ಒಂದು ರಾಫ್ಟಿಗೆ ಎಂಟೇ ಜನ, ಎರಡು ಮಾಡ್ಕೊಳ್ಳಿ” ಅಂದ. ಎರಡು ರಾಫ್ಟ್ ಅಂದ್ರೆ ಬಜೆಟ್ ಮೀರತ್ತೆ, ಗ್ರೂಪ್ ಫೋಟೋನೂ ಸಿಗಲ್ಲ. ನಾನು ಅವನ ಹೆಗಲ ಮೇಲೆ ಕೈ ಹಾಕಿ, “ಅಡ್ಜಸ್ಟ್ ಮಾಡಪ್ಪ, ಫೈವ್ ಸ್ಟಾರ್ ಕೊಡ್ತೀನಿ” ಅಂದೆ. ಹುಡುಗ ಮಾಲೀಕನ ಕಡೆ ನೋಡಿದ. ಮಾಲೀಕ ತಲೆ ಆಡಿಸಿದ. 11 ಜನರೂ ಹತ್ತಿದ್ವಿ.

ಮೂರನೇ ಇಳಿಜಾರಿನಲ್ಲಿ ರಾಫ್ಟ್ ಅಡ್ಡಕ್ಕೆ ತಿರುಗಿ ಬಂಡೆಗೆ ಒರಗಿತು. ಮಧ್ಯದಲ್ಲಿ ಕೂತವರ ಕಾಲಿಗೆ ಹಿಡಿತ ಇರಲಿಲ್ಲ, ಹುಟ್ಟು ಹಾಕಲು ಜಾಗ ಇರಲಿಲ್ಲ, ಆ ಹುಡುಗ ಕೂಗಿದ್ದು ಮುಂದಿದ್ದವರಿಗೆ ಕೇಳಲೂ ಇಲ್ಲ. ಮೂರು ಜನ ನೀರಿಗೆ ಬಿದ್ದರು. ಇಬ್ಬರು ಕೂಡಲೇ ಮೇಲೆ ಬಂದರು. ನಮ್ಮ ಟೆಸ್ಟಿಂಗ್ ಟೀಮಿನ ಹುಡುಗಿ ಬರಲಿಲ್ಲ. ಅವಳು ರಾಫ್ಟಿನ ಕೆಳಗೆ ಸಿಕ್ಕಿದ್ದಳು. ಹೊರಗೆ ಬಂದಾಗ ಕಂಡಿದ್ದು ಬರೀ ಕಿತ್ತಳೆ ಬಣ್ಣದ ಜಾಕೆಟ್. ಮುಖ ಅದರ ಕೆಳಗೆ, ನೀರಿನಲ್ಲಿತ್ತು. ದಡದಲ್ಲಿದ್ದ ಮೀನು ಹಿಡಿಯುವವರೊಬ್ಬರು ಹಾರಿ ಎಳೆದು ತಂದರು.

ಅವಳು ಬದುಕಿದಳು. ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದಳು. ನಾನು ಅದೇ ಸಂಜೆ, ಮಾತು ಕೊಟ್ಟಿದ್ದೆ ಅಂತ, ಫೈವ್ ಸ್ಟಾರ್ ರಿವ್ಯೂ ಹಾಕಿದೆ. ‘ಮರೆಯಲಾಗದ ಅನುಭವ, ತುಂಬಾ ಫ್ರೆಂಡ್ಲಿ ಸ್ಟಾಫ್.’

ಒಂದು ವಾರದ ನಂತರ ಕ್ಯಾಂಟೀನಿನಲ್ಲಿ ಅವಳು ನನಗೆ ಹೇಳಿದ್ದು ಇಷ್ಟೇ. “ಜಾಕೆಟ್ ಲೂಸ್ ಇದೆ ಅಂತ ನಿಂಗೆ ಹೇಳಿದ್ದೆ. ನೀನು ಫೋಟೋ ತೆಗೀತಿದ್ದೆ.” ನನಗೆ ನೆನಪೇ ಇರಲಿಲ್ಲ. ಈಗಲೂ ಇಲ್ಲ. ಅದೇ ಹೆಚ್ಚು ಕಾಡೋದು.

ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೇನಾ ಇಷ್ಟು ದಿನ ತಪ್ಪಿಸ್ಕೊಳ್ತಿದ್ದಿದ್ದು?” ಅಂದಳು. ಹೂಂ ಅಂದೆ. “ಈಗ ವಾಪಸ್ ಹೋಗೋಣ್ವಾ?” ನಾನು ಗೈಡ್ ಕಡೆ ನೋಡಿದೆ. ಅವರು ಐದನೆಯವರ ಜಾಕೆಟ್ ಎಳೆಯುತ್ತಿದ್ದರು. “ಬೇಡ, ಇವರ ಜೊತೆ ಹೋಗಬಹುದು” ಅಂದೆ.

ಇಪ್ಪತ್ತೈದು ನಿಮಿಷದ ಪಾಠ

ನೀರು ಏರತೊಡಗಿತು. ಅರ್ಧ ಗಂಟೆಯ ಹಿಂದೆ ಕಾಲು ಇಟ್ಟು ಕೂತಿದ್ದ ಬಂಡೆ ಮುಳುಗಿತು. ಆದರೂ ಗೈಡ್ ರಾಫ್ಟ್ ಇಳಿಸಲಿಲ್ಲ. ಎಲ್ಲರನ್ನೂ ಅರ್ಧ ವೃತ್ತದಲ್ಲಿ ನಿಲ್ಲಿಸಿ ಪಾಠ ಶುರು ಮಾಡಿದರು. ಗಡಿಯಾರ ನೋಡಿದೆ, ಇಪ್ಪತ್ತೈದು ನಿಮಿಷ. ಹಳೇ ಔಟಿಂಗಿನಲ್ಲಿ ಇದು ಎರಡು ನಿಮಿಷ ಇತ್ತು, ಅದರಲ್ಲೂ ಒಂದು ನಿಮಿಷ ಜೋಕ್.

ಪ್ರತಿ ನಿಯಮಕ್ಕೂ ಕಾರಣ ಹೇಳಿದ್ದು ನನಗೆ ಇಷ್ಟವಾಯಿತು. ನೀರಿಗೆ ಬಿದ್ದರೆ ಬೆನ್ನ ಮೇಲೆ ಮಲಗಬೇಕು, ಕಾಲು ನೀರು ಹರಿಯುವ ದಿಕ್ಕಿಗೆ, ಬೆರಳುಗಳು ನೀರಿನ ಮೇಲೆ ಕಾಣಬೇಕು. ಯಾಕಂದ್ರೆ ಬಂಡೆ ಎದುರಾದರೆ ತಲೆಯ ಬದಲು ಕಾಲು ತಾಗಲಿ, ಕಾಲಿನಿಂದ ಒದ್ದು ಪಕ್ಕಕ್ಕೆ ಸರಿಯಬಹುದು. ಹರಿಯುವ ನೀರಿನಲ್ಲಿ ಎದ್ದು ನಿಲ್ಲೋಕೆ ಹೋಗಲೇಬಾರದು, ಅದು ಬರೀ ಸೊಂಟದಷ್ಟು ಆಳ ಇದ್ದರೂ ಸರಿ. ತಳದ ಎರಡು ಕಲ್ಲಿನ ಮಧ್ಯೆ ಪಾದ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ನೀರು ನಮ್ಮನ್ನು ಮುಂದಕ್ಕೆ ಮಡಚಿ ಕೆಳಗೆ ಒತ್ತುತ್ತದೆ. ಜಾಕೆಟ್ ಇದ್ದರೂ ಮೇಲೆ ಬರೋಕಾಗಲ್ಲ. “ಈಜು ಬರೋರೇ ಈ ತಪ್ಪು ಮಾಡ್ತಾರ್ರಿ. ನೆಲ ಸಿಕ್ತು ಅಂತ ನಿಂತು ಬಿಡ್ತಾರ” ಅಂದರು.

ರಾಫ್ಟಿನ ಕೆಳಗೆ ಸಿಕ್ಕಿಕೊಂಡರೆ ಎರಡೂ ಕೈ ಮೇಲೆತ್ತಿ ರಾಫ್ಟಿನ ತಳವನ್ನು ತಳ್ಳುತ್ತಾ ಒಂದೇ ದಿಕ್ಕಿಗೆ ಹೋಗಬೇಕು. ಅತ್ತ ಇತ್ತ ತಿರುಗಿದರೆ ಕೆಳಗೇ ಸುತ್ತುತ್ತೇವೆ. ಒಂದೇ ದಿಕ್ಕಿಗೆ ಹೋದರೆ ಎಷ್ಟು ದೊಡ್ಡ ರಾಫ್ಟಾದರೂ ಅಂಚು ಸಿಗಲೇಬೇಕು. ಈ ಒಂದು ಮಾತನ್ನು ಮೂರು ವರ್ಷದ ಹಿಂದೆ ಯಾರಾದರೂ ಹೇಳಿದ್ದಿದ್ದರೆ ಅಂತ ಅನ್ನಿಸಿತು.

ಹುಟ್ಟಿನ ತುದಿಯ ಹಿಡಿಯನ್ನು ಯಾವಾಗಲೂ ಅಂಗೈಯಿಂದ ಮುಚ್ಚಿ ಹಿಡಿಯಬೇಕು, ಬಿಟ್ಟರೆ ಪಕ್ಕದವರ ಹಲ್ಲು ಹೋಗುತ್ತದೆ. ಹಗ್ಗ ಎಸೆದರೆ ಹಗ್ಗವನ್ನೇ ಹಿಡಿಯಬೇಕು, ಕೈಗೆ ಸುತ್ತಿಕೊಳ್ಳಬಾರದು. ಆಮೇಲೆ ಬೆನ್ನ ಮೇಲೆ ಮಲಗಿ, ಹಗ್ಗ ಹೆಗಲ ಮೇಲೆ ಬರುವ ಹಾಗೆ ಇಟ್ಟುಕೊಂಡರೆ ಮುಖಕ್ಕೆ ನೀರು ಬಡಿಯಲ್ಲ. ಬಿದ್ದವರನ್ನು ಮೇಲೆತ್ತುವಾಗ ಕೈ ಹಿಡಿದು ಎಳೆಯಬಾರದು. ಜಾಕೆಟ್ಟಿನ ಎರಡು ಭುಜದ ಪಟ್ಟಿ ಹಿಡಿದು, ಮೊಣಕಾಲು ರಾಫ್ಟಿನ ಅಂಚಿಗೆ ಒತ್ತಿ, ನಾವೇ ಹಿಂದಕ್ಕೆ ಬೀಳಬೇಕು. ಆಗ ನಮ್ಮ ತೂಕವೇ ಅವರನ್ನು ಒಳಗೆ ತರುತ್ತದೆ. ಇದನ್ನು ನೆಲದ ಮೇಲೆ ಎಲ್ಲರ ಕೈಯಲ್ಲೂ ಮಾಡಿಸಿದರು.

ತಂಗಿ, “ನಂಗೆ ಈಜೇ ಬರಲ್ವಲ್ಲಾ” ಅಂದಳು. ಅದಕ್ಕೆ ಅವರ ಉತ್ತರ ಸರಳ. ನೀರಿನಲ್ಲಿ ನಮ್ಮ ಮೈ ತೂಕದ ಬಹುಪಾಲನ್ನು ನೀರೇ ಹೊರುತ್ತದೆ. ತಲೆ ಮೇಲೆ ಇರಲು ದೊಡ್ಡವರಿಗೂ ಸಾಮಾನ್ಯವಾಗಿ ಮೂರರಿಂದ ಐದು ಕಿಲೋದಷ್ಟು ತೇಲುವ ಬಲ ಹೆಚ್ಚಿಗೆ ಸಿಕ್ಕರೆ ಸಾಕು. ಒಳ್ಳೆಯ ಜಾಕೆಟ್ ಅದಕ್ಕಿಂತ ಹೆಚ್ಚೇ ಕೊಡುತ್ತದೆ. ಆದರೆ ಅದು ಮೈಗೆ ಅಂಟಿಕೊಂಡಿದ್ದರೆ ಮಾತ್ರ. ಸಡಿಲ ಇದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮನುಷ್ಯ ಅದರೊಳಗಿಂದ ಕೆಳಗೆ ಜಾರುತ್ತಾನೆ.

ಆಮೇಲೆ ಕಾಯಿಲೆ ಯಾರಿಗೆ ಏನಿದೆ ಅಂತ ಕೇಳಿದರು. ಫಿಟ್ಸ್, ಹೃದಯದ ತೊಂದರೆ, ಇತ್ತೀಚೆಗೆ ಆಪರೇಷನ್, ಗರ್ಭಿಣಿಯರು. ಎಲ್ಲರ ಮುಂದೆ ಅಲ್ಲ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು. ತಂಗಿ ನನ್ನ ಮುಖ ನೋಡಿ, ಜೇಬಿನಿಂದ ಇನ್‌ಹೇಲರ್ ತೆಗೆದಳು. ಚಿಕ್ಕಂದಿನ ಉಬ್ಬಸ ಎರಡು ವರ್ಷದಿಂದ ಮತ್ತೆ ಬರ್ತಿದೆ ಅನ್ನೋದು ನನಗೇ ಗೊತ್ತಿರಲಿಲ್ಲ. ಹೇಳಿದ್ರೆ ಬಿಡಲ್ಲ ಅಂತ ಮುಚ್ಚಿಟ್ಟಿದ್ದಳು. ಯಾವಾಗ ಕೊನೆಗೆ ಬಂದಿತ್ತು, ಎಷ್ಟು ಜೋರು, ತಣ್ಣೀರಿಗೆ ಹೆಚ್ಚಾಗುತ್ತಾ ಅಂತ ಗೈಡ್ ಕೇಳಿ ತಿಳಿದುಕೊಂಡರು. ಇನ್‌ಹೇಲರನ್ನು ನೀರು ಹೋಗದ ಚೀಲದಲ್ಲಿ ಹಾಕಿ ತಮ್ಮ ಪಕ್ಕದಲ್ಲೇ ಕಟ್ಟಿಕೊಂಡು, ಅವಳಿಗೆ ತಮ್ಮ ಮುಂದಿನ ಜಾಗ ಕೊಟ್ಟರು. ಹೇಳಿದ್ದಕ್ಕೆ ಹೊರಗಿಡಲಿಲ್ಲ. ಹೇಳದೆ ಹೋಗಿದ್ದರೆ ಅದು ಜೀಪಿನಲ್ಲೇ ಉಳಿಯುತ್ತಿತ್ತು.

ದಡದ ಮೇಲಿನ ಜಗಳ

ಪಕ್ಕದಲ್ಲಿ ಬೆಂಗಳೂರಿನದೇ ಇನ್ನೊಂದು ಗುಂಪಿತ್ತು. ಅವರಲ್ಲಿ ಒಬ್ಬನ ಹತ್ತಿರ ಬಿಯರ್ ವಾಸನೆ. ಕುಡಿದು ತೂರಾಡ್ತಿರಲಿಲ್ಲ, ನಗ್ತಾ ಮಾತಾಡ್ತಿದ್ದ. ಗೈಡ್ ಅವನ ಜಾಕೆಟ್ ಬಿಗಿ ಮಾಡಲು ಹತ್ತಿರ ಹೋದವರು ಕೈ ತೆಗೆದರು.

“ನೀವು ಇವತ್ತ ಆಗೂದಿಲ್ರಿ ಸರ್.”

“ಒಂದೇ ಬಿಯರ್ ರೀ, ರಾತ್ರೀದು.”

“ಆಗೂದಿಲ್ರಿ. ನಾಳೆ ಬರ್ರಿ, ನಾನ ಕರ್ಕೊಂಡು ಹೋಗ್ತೇನಿ.”

ಗುಂಪಿನ ಆರ್ಗನೈಸರ್ ಮುಂದೆ ಬಂದ. ನನ್ನದೇ ವಯಸ್ಸು, ನನ್ನದೇ ಥರದ ಬ್ಯಾಗು. “ನಾವು ಅಷ್ಟು ದೂರದಿಂದ ಬಂದಿದೀವಿ, ದುಡ್ಡು ಕಟ್ಟಿದೀವಿ, ಫಾರ್ಮಿಗೆ ಸೈನ್ ಹಾಕಿದೀವಿ. ಏನಾದ್ರೂ ಆದ್ರೆ ನಮ್ಮ ಜವಾಬ್ದಾರಿ ಅಲ್ವಾ?” ಗೈಡ್ ದನಿ ಏರಿಸಲಿಲ್ಲ. “ಅವರೊಬ್ಬರದಲ್ರಿ ಸರ್. ಅವರು ಬಿದ್ರ ನಾನು ರಾಫ್ಟ್ ಬಿಟ್ಟು ಅವರನ್ನ ನೋಡಬೇಕು. ಆವಾಗ ಉಳದ ಏಳು ಮಂದೀನ ಯಾರು ನೋಡ್ತಾರ?”

ಕೊನೆಗೆ ಅವನು ಹೇಳಿದ್ದು ಕೇಳಿ ನನ್ನ ಕಿವಿ ಬಿಸಿಯಾಯಿತು. “ರಿವ್ಯೂ ಹಾಕ್ತೀನಿ ನೋಡ್ತಿರಿ.”

“ಹಾಕ್ರಿ ಸರ್” ಅಂದರು ಗೈಡ್. ಅವರ ಮಾಲೀಕರು ಅಲ್ಲೇ ಜೀಪಿನ ಪಕ್ಕ ನಿಂತಿದ್ದರು. ಎಲ್ಲರೂ ಅವರತ್ತ ತಿರುಗಿದರು. ಅವರು ಬಂದು ಹೇಳಿದ್ದು ಒಂದೇ ಮಾತು: “ನದಿ ಮ್ಯಾಲೆ ಅವರು ಹೇಳಿದ್ದ ಆಯ್ತು.” ಆ ಒಬ್ಬನ ದುಡ್ಡು ವಾಪಸ್ ಕೊಟ್ಟರು.

ಮೂರು ವರ್ಷದ ಹಿಂದೆ ಆ ಹುಡುಗ ಮಾಲೀಕನ ಕಡೆ ನೋಡಿದಾಗ ಸಿಗದೇ ಹೋದದ್ದು ಈ ಮಾತು. ಅವನಿಗೆ ನಿಯಮ ಗೊತ್ತಿತ್ತು. ಎಂಟೇ ಜನ ಅಂತ ಸರಿಯಾಗೇ ಹೇಳಿದ್ದ. ಆದರೆ ಬೇಡ ಅಂದರೆ ಅವನ ಬೆನ್ನಿಗೆ ನಿಲ್ಲುವವರು ಯಾರೂ ಇರಲಿಲ್ಲ. ಮಾಲೀಕನಿಗೆ ದುಡ್ಡು ಬೇಕಿತ್ತು, ನನಗೆ ಫೋಟೋ ಬೇಕಿತ್ತು.

ಆ ಘಟನೆಯ ನಂತರ ನಾನು ಸಾಹಸ ಕ್ರೀಡೆಗಳ ಅಪಘಾತಗಳ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಿದ್ದೆ, ಪ್ರೊಡಕ್ಷನ್ ಬಿದ್ದಾಗ ಪೋಸ್ಟ್‌ಮಾರ್ಟಮ್ ಓದುವ ಹಾಗೆ. ಅದರಲ್ಲಿ ಒಂದು ಮರೆತಿಲ್ಲ. 1993ರ ಮಾರ್ಚ್ 22, ಇಂಗ್ಲೆಂಡಿನ ಲೈಮ್ ಬೇ. ಎಂಟು ಶಾಲಾ ಮಕ್ಕಳು, ಒಬ್ಬ ಶಿಕ್ಷಕರು, ಇಬ್ಬರು ತರಬೇತುದಾರರು ಸಣ್ಣ ದೋಣಿಗಳಲ್ಲಿ ಸಮುದ್ರಕ್ಕೆ ಇಳಿದರು. ಗಾಳಿಗೆ ದಡದಿಂದ ದೂರ ಹೋದರು, ದೋಣಿಗಳಿಗೆ ನೀರು ತುಂಬಿತು. ನಾಲ್ಕು ಮಕ್ಕಳು ಸತ್ತರು. ಆ ಕೇಂದ್ರದಲ್ಲಿ ಮೊದಲು ಕೆಲಸ ಮಾಡಿದ್ದ ಇಬ್ಬರು ತರಬೇತುದಾರರು, ಇಲ್ಲಿ ಸುರಕ್ಷತೆ ಸರಿಯಿಲ್ಲ ಅಂತ ಹಿಂದಿನ ವರ್ಷವೇ ಮಾಲೀಕರಿಗೆ ಪತ್ರ ಬರೆದಿದ್ದರು. ಕಂಪನಿಗೂ ಅದರ ಮುಖ್ಯಸ್ಥನಿಗೂ ಶಿಕ್ಷೆಯಾಯಿತು. 1995ರಲ್ಲಿ ಮಕ್ಕಳ ಸಾಹಸ ಕೇಂದ್ರಗಳಿಗೆ ಲೈಸೆನ್ಸ್ ಬೇಕೆನ್ನುವ ಕಾನೂನೇ ಬಂತು. ಬೇಡ ಅಂತ ಹೇಳಿದವರು ಅಲ್ಲೂ ಇದ್ದರು. ಅವರ ಮಾತು ನಡೆಯಲಿಲ್ಲ.

ನೀರಿನ ಮೇಲೆ

ನಮ್ಮ ರಾಫ್ಟಿನಲ್ಲಿ ಏಳು ಜನ, ಹಿಂದೆ ಗೈಡ್. ಮುಂದೆ ಒಬ್ಬ ಹುಡುಗ ಒಂಟಿ ಕಯಾಕಿನಲ್ಲಿ. ಪ್ರತಿ ಇಳಿಜಾರನ್ನು ಅವನು ಮೊದಲು ದಾಟಿ ಕೆಳಗಿನ ಶಾಂತ ನೀರಿನಲ್ಲಿ ನಮ್ಮ ಕಡೆ ಮುಖ ಮಾಡಿ ಕಾಯುತ್ತಿದ್ದ, ಯಾರಾದರೂ ಬಿದ್ದರೆ ಹಿಡಿಯಲು. ನಾವು ಹೊರಡುವ ಮೊದಲು ಗೈಡ್ ಎಣಿಸಿದರು. ಪ್ರತಿ ಇಳಿಜಾರಿನ ನಂತರವೂ ಎಣಿಸಿದರು.

ನದಿಗಳ ಕಷ್ಟವನ್ನು ಒಂದರಿಂದ ಆರರವರೆಗೆ ಗ್ರೇಡ್ ಮಾಡುತ್ತಾರೆ. ಒಂದು ಅಂದ್ರೆ ಸಣ್ಣ ಅಲೆ, ಆರು ಅಂದ್ರೆ ಜೀವದ ಆಸೆ ಬಿಟ್ಟು ಹೋಗುವಂಥದ್ದು. ಇಲ್ಲಿಯದು ಹೆಚ್ಚಾಗಿ ಎರಡು, ಮೂರು. ಆದರೆ ಆ ಅಂಕಿ ಖಾಯಂ ಅಲ್ಲ, ನೀರು ಹೆಚ್ಚು ಕಡಿಮೆಯಾದರೆ ಅದೇ ಜಾಗದ ಗ್ರೇಡ್ ಬದಲಾಗುತ್ತದೆ. ಬಂಡೆಗಳ ನಡುವೆ ನೀರು ಬೆಳ್ಳಗೆ ಉಕ್ಕುತ್ತಿತ್ತು. ಎರಡೂ ದಡದಲ್ಲಿ ಕಾಡು ನೀರಿನವರೆಗೆ ಬಗ್ಗಿತ್ತು. ನೋಡಲು ಚಂದ. ಆದರೆ ಗೈಡ್ ಆ ಬಗ್ಗಿದ ಕೊಂಬೆಗಳಿಂದ ದೂರವೇ ಇಟ್ಟರು. ಕೊಂಬೆಗಳ ಮಧ್ಯೆ ನೀರು ಹಾದು ಹೋಗುತ್ತದೆ, ಮನುಷ್ಯ ಸೋಸಿದ ಹಾಗೆ ಸಿಕ್ಕಿಕೊಳ್ಳುತ್ತಾನೆ.

ನಾಲ್ಕನೆಯದೋ ಐದನೆಯದೋ ಇಳಿಜಾರಿನಲ್ಲಿ ಬಿದ್ದವನು ನಾನೇ. ಅಲೆ ಎದ್ದ ಕ್ಷಣ ಹುಟ್ಟು ಗಾಳಿಯಲ್ಲಿತ್ತು, ಮರುಕ್ಷಣ ಕಿವಿಯಲ್ಲಿ ಬರೀ ಗುಡುಗು. ತಣ್ಣೀರು ಉಸಿರು ಕಟ್ಟಿಸಿತು. ಕಾಲಿಗೆ ಏನೋ ತಾಗಿತು, ಕಲ್ಲು. ನಿಲ್ಲಬೇಕು ಅಂತ ಇಡೀ ಮೈ ಕೂಗಿತು. ನನಗೆ ಈಜು ಬರುತ್ತದೆ, ನಿಂತೇ ಬಿಡುತ್ತಿದ್ದೆ. ಆಗ ಹಿಂದಿನಿಂದ ಕೇಳಿದ್ದು ಗೈಡಿನ ದನಿ ಅಲ್ಲ, ತಂಗಿಯದು. “ಅಣ್ಣಾ, ಕಾಲು ಮೇಲೆ!”

ಮಲಗಿದೆ. ಬೆರಳು ಕಾಣಿಸಿತು. ಕಯಾಕ್ ಹುಡುಗ ಪಕ್ಕಕ್ಕೆ ಬಂದ. ಅವನ ಕಯಾಕ್ ಹಿಡಿದುಕೊಂಡು ರಾಫ್ಟಿನವರೆಗೆ ಬಂದೆ. ಜಾಕೆಟ್ಟಿನ ಭುಜದ ಪಟ್ಟಿಗೆ ಎರಡು ಕೈ ಬಿತ್ತು. ಈಜು ಬರದ, ಐವತ್ತು ಕಿಲೋ ತೂಗದ ನನ್ನ ತಂಗಿ ಮೊಣಕಾಲು ಒತ್ತಿ ಹಿಂದಕ್ಕೆ ಬಿದ್ದಳು. ನಾನು ಅವಳ ಮೇಲೆ ಬಿದ್ದೆ. ಗೈಡ್ ತಮ್ಮ ತಲೆಯ ಮೇಲೆ ಕೈ ಬಡಿದು ನನ್ನ ಕಡೆ ನೋಡಿದರು, ಸರಿ ಇದೀಯಾ ಅನ್ನೋ ಸನ್ನೆ. ನಾನೂ ತಲೆಯ ಮೇಲೆ ಕೈ ಬಡಿದೆ. ಅವರು ಎಣಿಸಿದರು. ಏಳು.

ಬುಕ್ ಮಾಡುವ ಮೊದಲು

ವಾಪಸ್ ಬರುವಾಗ ಜೀಪಿನಲ್ಲಿ ಗೈಡ್ ಹತ್ತಿರ ಕೂತು, ಗ್ರಾಹಕರು ಏನು ಕೇಳಬೇಕು ಅಂತ ಕೇಳಿದೆ. ಅವರು ಹೇಳಿದ್ದು, ನಾನು ಕಲಿತಿದ್ದು ಸೇರಿಸಿ ಇಲ್ಲಿ ಹಾಕ್ತಿದೀನಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

• ಒಂದು ರಾಫ್ಟಿಗೆ ಎಷ್ಟು ಜನ? ‘ಅಡ್ಜಸ್ಟ್ ಮಾಡಬಹುದು’ ಅನ್ನೋ ಉತ್ತರ ಬಂದರೆ ಅಲ್ಲಿಗೇ ಬಿಡಿ.

• ಯಾವ ಸಂದರ್ಭದಲ್ಲಿ ಟ್ರಿಪ್ ಕ್ಯಾನ್ಸಲ್ ಮಾಡ್ತೀರಿ? ‘ಯಾವತ್ತೂ ಮಾಡಿಲ್ಲ’ ಅಂದರೆ ಅದು ಹೆಮ್ಮೆಯ ಮಾತಲ್ಲ.

• ಗೈಡಿಗೆ ಪ್ರಥಮ ಚಿಕಿತ್ಸೆ ಮತ್ತು ನೀರಿನ ರಕ್ಷಣೆಯ ತರಬೇತಿ ಆಗಿದೆಯಾ? ಸರ್ಟಿಫಿಕೇಟ್ ನೋಡಬಹುದಾ? ಸರಿಯಾದವರು ಇದನ್ನು ಕೇಳಿದರೆ ಸಿಟ್ಟಾಗಲ್ಲ.

• ಎಸೆಯುವ ಹಗ್ಗದ ಚೀಲ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಜೊತೆಗೆ ಕಯಾಕ್ ಅಥವಾ ಎರಡನೇ ರಾಫ್ಟ್ ಇದೆಯಾ? ಹತ್ತಿರದ ಆಸ್ಪತ್ರೆ ಎಷ್ಟು ದೂರ, ಕರೆದೊಯ್ಯಲು ಗಾಡಿ ಇದೆಯಾ?

• ಜಾಕೆಟ್ ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಎಳೆಯಲು ಜೊತೆಯವರಿಗೆ ಹೇಳಿ. ಗಲ್ಲ ದಾಟಿ ಬಂದರೆ ಬದಲಾಯಿಸಿ. ಹೆಲ್ಮೆಟ್ ಹಣೆ ಮುಚ್ಚಬೇಕು, ಅಲ್ಲಾಡಬಾರದು.

• ಚಪ್ಪಲಿ ಬೇಡ, ಕಟ್ಟುವ ಶೂ ಇರಲಿ. ದುಪಟ್ಟಾ, ಸರ, ಉಂಗುರ ಜೀಪಿನಲ್ಲಿರಲಿ. ಕನ್ನಡಕಕ್ಕೆ ದಾರ ಕಟ್ಟಿ.

• ಕಾಯಿಲೆ, ಮಾತ್ರೆ, ಇನ್‌ಹೇಲರ್ ಮುಚ್ಚಿಡಬೇಡಿ. ಕುಡಿದವರನ್ನು ನೀವೇ ತಡೆಯಿರಿ, ಗೈಡ್ ಮೇಲೆ ಬಿಡಬೇಡಿ.

• ಗೈಡ್ ಇಲ್ಲದೆ ನದಿಗೆ ಇಳಿಯಬೇಡಿ. ಕಾಳಿಯಲ್ಲಿ ನೀರು ಯಾವಾಗ ಏರುತ್ತದೆ ನಿಮಗೆ ಗೊತ್ತಿರಲ್ಲ. ದಾಂಡೇಲಿ ಊರಿನ ಸುತ್ತ ನದಿಯಲ್ಲಿ ಮೊಸಳೆಗಳೂ ಇವೆ.

ಬಂಡೆ ಹತ್ತೋದಕ್ಕೆ ರಾಮನಗರಕ್ಕೆ ಹೋಗುವವರಿಗೂ ಇದೇ ಮಾತು. ಅಲ್ಲಿ ಜಾಕೆಟ್ಟಿನ ಬದಲು ಸೊಂಟದ ಪಟ್ಟಿ, ಗಂಟು ಮತ್ತು ಹಗ್ಗ. ಹತ್ತುವವರು ಕೆಳಗೆ ಹಗ್ಗ ಹಿಡಿದವರದ್ದನ್ನೂ, ಅವರು ಹತ್ತುವವರದ್ದನ್ನೂ ಮುಟ್ಟಿ ನೋಡಬೇಕು, ನೂರನೇ ಸಲ ಹತ್ತುವವರಾದರೂ ಸರಿ. ಸರಿಯಾಗಿ ಕಲಿಯುವ ಆಸೆ ಇದ್ದರೆ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಕೋರ್ಸುಗಳನ್ನು ನಡೆಸುತ್ತದೆ.

ಸಂಜೆ ತಂಗಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, “ನಾನಲ್ಲ ಅಮ್ಮ, ನಿನ್ನ ಮಗನೇ ಬಿದ್ದಿದ್ದು, ನಾನೇ ಎತ್ತಿದ್ದು” ಅಂತ ಹತ್ತು ನಿಮಿಷ ಹೇಳಿದಳು. ಅಮ್ಮ ನಕ್ಕರು, ಆಮೇಲೆ ಬೈದರು.

ನಾನು ಹೊರಗೆ ಬಂದು ಫೋನಿನಲ್ಲಿ ಆ ಹಳೇ ರಿವ್ಯೂ ತೆಗೆದೆ. ಮೂರು ವರ್ಷದಿಂದ ಹಾಗೇ ಇತ್ತು. ಐದು ಸ್ಟಾರ್. ಹದಿನಾಲ್ಕು ಜನ ‘ಉಪಯುಕ್ತ’ ಅಂತ ಒತ್ತಿದ್ದರು. ಅದನ್ನು ನಂಬಿ ಎಷ್ಟು ಜನ ಅಲ್ಲಿಗೆ ಹೋದರೋ. ಪೂರ್ತಿ ಅಳಿಸಿ ಬರೆದೆ: ‘ಎಂಟು ಜನರ ರಾಫ್ಟಿನಲ್ಲಿ 11 ಜನ ಹೋದೆವು. ಗೈಡ್ ಬೇಡ ಅಂದಿದ್ದರು. ಒತ್ತಾಯ ಮಾಡಿದ್ದು ನಾನು, ಒಪ್ಪಿದ್ದು ಮಾಲೀಕರು. ನಮ್ಮಲ್ಲಿ ಒಬ್ಬರು ಮುಳುಗುವುದರಲ್ಲಿದ್ದರು.’ ಒಂದು ಸ್ಟಾರ್ ಕೊಟ್ಟು ಹಾಕಿದೆ. ಸ್ಕ್ರೀನ್‌ಶಾಟ್ ತೆಗೆದು ಆ ಟೆಸ್ಟಿಂಗ್ ಟೀಮಿನ ಗೆಳತಿಗೆ ಕಳಿಸಿದೆ. ನಾವು ಮಾತಾಡಿ ವರ್ಷದ ಮೇಲಾಗಿತ್ತು.

ಊಟ ಮುಗಿಯುವ ಹೊತ್ತಿಗೆ ಉತ್ತರ ಬಂತು. “ಜಾಕೆಟ್ ವಿಷಯ ಬಿಟ್ಟಿದೀಯ. ಅದನ್ನೂ ಬರಿ.”

ಬರೆದೆ.